ನಲವತ್ತಾರು ಮಾರು ಹಗ್ಗದ ಜೊತೆ ಕಡಲ ದಂಡೆಗೆ

ಅಟ್ಟದಿಂದ ಕಾಯಿ ಇಳಿಸಿದ ದಿನ

ಅದು ಭಾನುವಾರ. ವರ್ಷವಿಡೀ ಅಟ್ಟದ ಮೇಲೆ ಒಣಗಿದ್ದ ಕಾಯಿಗಳನ್ನು ಇಳಿಸುತ್ತಿದ್ದೆವು. ನನ್ನ ಮಗ ಮಂಜು ಅಟ್ಟದ ಮೇಲಿನಿಂದ ಉರುಳಿಸುತ್ತಿದ್ದ, ನನ್ನ ಮಗಳು ವಾಣಿ ಕೆಳಗೆ ಗುಡ್ಡೆ ಮಾಡುತ್ತಿದ್ದಳು, ನಾನು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆ. ನೀರು ಪೂರ್ತಿ ಇಂಗಿದ್ದರೆ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಟಗಟ ಅನ್ನುತ್ತದೆ. ಅನ್ನದಿದ್ದರೆ ಮತ್ತೆ ಅಟ್ಟಕ್ಕೆ.

ಮಂಜು ತುರುವೇಕೆರೆ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ವರ್ಷಕ್ಕೊಮ್ಮೆ ಮಕ್ಕಳನ್ನೆಲ್ಲ ಸೇರಿಸಿ ಜೀವವಿಕಾಸದ ಹಬ್ಬ ಅಂತ ಮಾಡುತ್ತಿದ್ದ. ಅದಕ್ಕೆಂದು ನಮ್ಮ ತೋಟದ ನಾರಿನಲ್ಲೇ ಒಂದು ಹಗ್ಗ ಹೊಸೆಸಿದ್ದ. ನಲವತ್ತಾರು ಮಾರು ಉದ್ದ. ಕೈ ಎರಡೂ ಚಾಚಿದರೆ ಒಂದು ಮಾರು, ಒಂದು ಮಾರಿಗೆ ಹತ್ತು ಕೋಟಿ ವರ್ಷ. ಈ ತುದಿಯಲ್ಲಿ ಭೂಮಿ ಹುಟ್ಟಿದ್ದು, ಆ ತುದಿಯಲ್ಲಿ ಇವತ್ತು. ನಡುವೆ ಯಾವ ಜೀವಿ ಯಾವಾಗ ಬಂತೋ ಅಲ್ಲಲ್ಲಿ ಬಣ್ಣದ ಬಟ್ಟೆ ಚೂರು ಕಟ್ಟಿದ್ದ. ಮನುಷ್ಯನಿಗೆ ಕೆಂಪು ನೂಲು, ಕಟ್ಟಕಡೆಯ ತುದಿಯಲ್ಲಿ. ಮನುಷ್ಯ ಬಂದು ಕಳೆದ ಕಾಲ ಆ ಹಗ್ಗದಲ್ಲಿ ಒಂದು ಅಲಸಂದೆ ಕಾಳಿನಷ್ಟೂ ಉದ್ದವಿರಲಿಲ್ಲ.

ಪಕ್ಕದ ತೋಟದ ರಂಗಣ್ಣ ಅವತ್ತು ಕಾಯಿ ಸುಲಿಯಲು ಬಂದಿದ್ದರು. ಸುಮ್ಮನಿರುವ ಜನ ಅಲ್ಲ.

"ಏನ್ಲಾ ಮಂಜ, ನಾಳೆ ನಿನ್ ಕೋತಿ ಹಬ್ಬ ಅಂತೆ? ನಮ್ಮಪ್ಪನೂ ಕೋತಿ ಅಂತ ಹುಡುಗ್ರಿಗೆ ಹೇಳ್ಕೊಡ್ತೀಯಂತೆ?"

"ನಿಮ್ಮಪ್ಪ ಅಲ್ಲ ಕಣ್ ರಂಗಣ್ಣ" ಅಂದ ಮಂಜು ಅಟ್ಟದಿಂದ. "ಕೋತಿಗೂ ನಿಮ್ಗೂ ಒಬ್ನೇ ಮುತ್ತಾತ. ನೀವು ದಾಯಾದಿಗ್ಳು."

"ಹಂಗಾರೆ ತೋಟದಾಗೆ ಭಾಗ ಕೇಳ್ತವಲ್ಲೋ!"

"ಕೇಳೋದೇನು, ಎಳನೀರೆಲ್ಲ ಅವೇ ಕುಡೀತಿಲ್ವಾ? ಭಾಗ ಆಗಿ ಬೋ ದಿನ ಆತು ಬುಡಿ."

ಎಲ್ಲರೂ ನಕ್ಕೆವು. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು. ಅವನು ಎರಡು ಮುದ್ದೆ ಉಂಡ. ಇದಕ್ಕಿಂತ ಹೆಚ್ಚೇನೂ ಆ ದಿನ ನಡೆಯಲಿಲ್ಲ.

ಮಾರನೆಯ ದಿನ ಶಾಲೆಯ ಬಯಲಿನಲ್ಲಿ ಮಕ್ಕಳು ಹಗ್ಗ ಎಳೆದು ಹಿಡಿದಿದ್ದರಂತೆ. ಒಂದು ತುದಿಯನ್ನು ಹಿಡಿದಿದ್ದ ಮಂಜು ಮೆಲ್ಲಗೆ ಕೂತನಂತೆ. ಮೇಷ್ಟ್ರು ಆಟ ಆಡುತ್ತಿದ್ದಾರೆ ಅಂದುಕೊಂಡ ಮಕ್ಕಳು ತಾವೂ ಕೂತರಂತೆ. ಅವನು ಏಳಲಿಲ್ಲ. ಇಪ್ಪತ್ತೆಂಟು ವರ್ಷದ ಹುಡುಗ.

ಹೊರಡುವ ಮುಂಚೆ

ಹೃದಯ ನಿಂತಿದೆ ಅಂದರು ಡಾಕ್ಟರು. ಈ ವಯಸ್ಸಿಗೆ ಹೀಗಾದರೆ ಕೆಲವು ಸಲ ಅದು ವಂಶದಲ್ಲೇ ಬಂದಿರುತ್ತದೆ, ಒಡಹುಟ್ಟಿದವರನ್ನು ಪರೀಕ್ಷೆ ಮಾಡಿಸಿ ಅಂದರು. ಒಡಹುಟ್ಟಿದವಳು ಒಬ್ಬಳೇ. ವಾಣಿ ತಿಪಟೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಸಲ ಪ್ರಾರ್ಥನೆಗೆ ನಿಂತಲ್ಲೇ ಬಿದ್ದಿದ್ದಳು. ತಿಂಡಿ ತಿನ್ನದೆ ಹೋಗಿದ್ದಾಳೆ ಅಂತ ನಾವು ಬೈದು ಸುಮ್ಮನಾಗಿದ್ದೆವು. ಅದನ್ನು ಹೇಳಿದಾಗ ಡಾಕ್ಟರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಅವಳ ಮುಖ ನೋಡಿದರು.

ಹೃದಯದ ಪರೀಕ್ಷೆಗಳಲ್ಲಿ ಏನೂ ಕಾಣಲಿಲ್ಲ. ಆದರೆ ಇದು ರಕ್ತದಲ್ಲಿ ಅಡಗಿರಬಹುದು ಎಂದು ಅವಳ ರಕ್ತ ತೆಗೆದು ಎಲ್ಲಿಗೋ ಕಳಿಸಿದರು. ಫಲಿತಾಂಶಕ್ಕೆ ವಾರಗಳು ಬೇಕು ಅಂದರು. ಅಲ್ಲಿಯವರೆಗೆ ಓಡಬೇಡ, ತುಂಬಾ ಆಯಾಸ ಮಾಡಿಕೊಳ್ಳಬೇಡ.

ಆ ವಾರಗಳಲ್ಲೇ ಇಂಗ್ಲೆಂಡಿನಿಂದ ಪತ್ರ ಬಂತು. ಅಲ್ಲಿ ಸಮುದ್ರದ ದಂಡೆಯ ಒಂದು ಪುಟ್ಟ ಊರಿನಲ್ಲಿ ವರ್ಷವರ್ಷ ಇಂಥದೇ ಹಬ್ಬ ಮಾಡುತ್ತಾರೆ. ಮಂಜು ಇಂಟರ್ನೆಟ್ಟಿನಲ್ಲಿ ಹಾಕಿದ್ದ ಹಗ್ಗದ ವಿಡಿಯೋ ನೋಡಿ, ಅವನನ್ನು ಹಗ್ಗದ ಸಮೇತ ಬನ್ನಿ ಎಂದು ಮೊದಲೇ ಕರೆದಿದ್ದರು. ವಾಣಿ ವಿಷಯ ತಿಳಿಸಿದ್ದಕ್ಕೆ, ನೀವು ಯಾರಾದರೂ ತರುವುದಾದರೆ ನಮಗೆ ಗೌರವ, ಇಬ್ಬರು ಬನ್ನಿ, ಖರ್ಚೂ ವೀಸಾ ಕಾಗದವೂ ನಮ್ಮದು ಎಂದು ಬರೆದಿದ್ದರು.

"ನಾನ್ ಹೋಯ್ತೀನಿ" ಅಂದಳು ವಾಣಿ.

ನಾನು ಬೇಡ ಅಂದೆ. ಅಷ್ಟು ದೂರ, ವಿಮಾನ, ಚಳಿ. ಅವಳು ಹಟ ಬಿಡಲಿಲ್ಲ. ಕೊನೆಗೆ ನಾನೂ ಹೊರಟೆ. ನೋಡುವ ಆಸೆಗಲ್ಲ. ಅವಳು ಬಿದ್ದರೆ ಹಿಡಿಯುವುದಕ್ಕೆ ಹೊರಟೆ. ನಮ್ಮ ಯಜಮಾನರು ತೋಟ, ದನ ನೋಡಿಕೊಳ್ಳಲು ಉಳಿದರು. ಹೊರಡುವ ದಿನ ಹಗ್ಗವನ್ನು ಸಿಂಬಿ ಸುತ್ತಿ, ಗೋಣಿಚೀಲದಲ್ಲಿ ಹಾಕಿ ಹೊಲಿದು ಕೊಟ್ಟರು.

ವಿಮಾನ ನಿಲ್ದಾಣ

ವಿಮಾನದ ಬಗ್ಗೆ ಬರೆಯಲು ನನಗೆ ಹೆಚ್ಚು ಗೊತ್ತಿಲ್ಲ, ನಾನು ಕಿಟಕಿ ನೋಡಲೇ ಇಲ್ಲ. ವಾಣಿಯ ಎದೆ ಏರಿಳಿಯುವುದನ್ನು ನೋಡುತ್ತಾ ಕೂತಿದ್ದೆ. ಅವಳು ನಿದ್ದೆ ಹೋದಾಗ ಮೂಗಿನ ಹತ್ತಿರ ಬೆರಳು ಹಿಡಿದೆ. ಕಣ್ಣು ಬಿಟ್ಟು, "ಇದ್ದೀನಿ ಕಣಮ್ಮ, ಸತ್ತಿಲ್ಲ" ಅಂದಳು. ಪಕ್ಕದ ಸೀಟಿನವರಿಗೆ ಕನ್ನಡ ಬರುತ್ತಿರಲಿಲ್ಲ, ಸದ್ಯ.

ಇಳಿದ ಮೇಲೆ ಗೋಣಿಚೀಲ ನೋಡಿ ನಮ್ಮನ್ನು ಪಕ್ಕಕ್ಕೆ ಕರೆದರು. ನೀಲಿ ಕೈಗವಸು ಹಾಕಿಕೊಂಡ ಅಧಿಕಾರಿ ಹೊಲಿಗೆ ಬಿಚ್ಚಿ ಹಗ್ಗ ಮೂಸಿ ನೋಡಿದ. ನಾರು, ಮಣ್ಣು, ಹುಳ, ಏನಾದರೂ ಇದೆಯೋ ಎಂದು ದೀಪ ಹಿಡಿದು ಹುಡುಕಿದ. ಇಲ್ಲೇ ಕಿತ್ತುಕೊಂಡರೆ? ಇದೇನು ಎಂದು ಅವನು ಕೇಳಿದ. ಇದು ನಾನೂರ ಅರವತ್ತು ಕೋಟಿ ವರ್ಷ ಎಂದು ವಾಣಿ ಗಂಭೀರವಾಗಿ ಹೇಳಿಬಿಟ್ಟಳು. ಅವನು ಒಂದು ಗಳಿಗೆ ಅವಳನ್ನೇ ನೋಡಿದ. ಅವಳು ಬಟ್ಟೆ ಚೂರು ತೋರಿಸಿ ಇದು ಮೀನು, ಇದು ಕಪ್ಪೆ, ಇದು ಡೈನೋಸಾರ್ ಅಂದಳು. ಅವನು ಡೈನೋಸಾರಿನ ಹಸಿರು ಚೂರನ್ನು ಬೆರಳಲ್ಲಿ ಮುಟ್ಟಿ, ನನ್ನ ಮಗನಿಗೆ ಇದು ಬಹಳ ಇಷ್ಟ ಅಂದನಂತೆ. ಹಗ್ಗ ಬಿಟ್ಟ. ಆದರೆ ಹಾಲಿನ ಪದಾರ್ಥ ತರುವಂತಿಲ್ಲ ಎಂದು ನಾನು ಡಬ್ಬಿಯಲ್ಲಿಟ್ಟಿದ್ದ ತುಪ್ಪ ತೆಗೆದಿಟ್ಟುಕೊಂಡ.

ರುತ್ ಅವರ ಮನೆ

ಆ ಊರಿನ ಹೆಸರು ನನ್ನ ನಾಲಿಗೆಗೆ ಬರುವುದಿಲ್ಲ, ಬರೆಯಲೂ ಹೋಗುವುದಿಲ್ಲ. ನಮ್ಮನ್ನು ಇಟ್ಟುಕೊಂಡವರು ರುತ್ ಎಂಬ ಹೆಂಗಸು. ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ನರ್ಸ್ ಆಗಿದ್ದವರು, ಈಗ ಒಂಟಿ. ದಿನಾ ಬೆಳಿಗ್ಗೆ ನಾಯಿ ಕರೆದುಕೊಂಡು ದಂಡೆಗೆ ಹೋಗಿ, ಬಂಡೆಯಿಂದ ಉದುರಿದ ಕಲ್ಲುಗಳಲ್ಲಿ ಹಳೆಯ ಜೀವಿಗಳ ಅಚ್ಚು ಹುಡುಕುತ್ತಾರೆ. ಆ ಊರಿನ ಅರ್ಧ ಜನಕ್ಕೆ ಅದೇ ಹುಚ್ಚು. ಕಿಟಕಿಯ ಕಟ್ಟೆ, ಬಚ್ಚಲು, ಮೆಟ್ಟಿಲು, ಎಲ್ಲೆಲ್ಲೂ ಕಲ್ಲಾದ ಶಂಖ, ಕಲ್ಲಾದ ಹಲ್ಲು. ನಮ್ಮಲ್ಲಿ ಸತ್ತವರ ಬಟ್ಟೆಯನ್ನೂ ಮನೆಯಲ್ಲಿ ಉಳಿಸಿಕೊಳ್ಳುವುದಿಲ್ಲ. ಇಲ್ಲಿ ಹತ್ತೊಂಬತ್ತು ಕೋಟಿ ವರ್ಷದ ಹಿಂದೆ ಸತ್ತವರು ಬಚ್ಚಲಿನಲ್ಲಿ ಸೋಪಿನ ಪಕ್ಕ ಕೂತಿದ್ದರು.

ಮೊದಲ ಬೆಳಿಗ್ಗೆ ನಮ್ಮ ಕೋಣೆಯ ಗೂಡಿನ ಮೇಲಿದ್ದ ಚೆಂದದ ಜಾಡಿಯನ್ನು ನಾನು ಸೆರಗಿನಿಂದ ಒರೆಸಿ, ಮುಚ್ಚಳ ತೆಗೆಯಲು ಹೋದೆ. ಉಪ್ಪಿನಕಾಯಿ ಇರಬಹುದು ಅಂತ.

"ಅಯ್ಯೋ, ಮುಟ್ಬೇಡ ಕಣಮ್ಮ" ಅಂದಳು ವಾಣಿ. "ಅದು ಅವ್ರ ಯಜಮಾನ್ರು."

"ಯಜಮಾನ್ರು ಅಂದ್ರೆ?"

"ಅವ್ರ ಬೂದಿ."

ಕೈ ಸುಟ್ಟಂತೆ ಹಿಂದೆ ತೆಗೆದೆ. ಇಡೀ ರಾತ್ರಿ ನನ್ನ ಮಗಳ ತಲೆದೆಸೆಯಲ್ಲಿ ಬೂದಿ ಇತ್ತು. ಸ್ನಾನ ಮಾಡಿದೆ, ಅವಳಿಗೂ ಮಾಡಿಸಿದೆ, ವಿಭೂತಿ ಹಚ್ಚಿದೆ. ಆಮೇಲೆ ಕೆಳಗೆ ಬಂದರೆ ರುತ್ ಆ ಜಾಡಿ ಇದ್ದ ಕಡೆ ಬೆರಳು ತೋರಿಸಿ ನಗುತ್ತಾ ಏನೋ ಅಂದರು. "ಅವ್ರು ಗೊರಕೆ ಹೊಡೀಲಿಲ್ಲ ತಾನೆ ಅಂತ ಕೇಳ್ತಾವ್ರೆ" ಎಂದು ವಾಣಿ ಹೇಳಿದಳು. ನನಗೆ ನಗು ಬರಲಿಲ್ಲ.

ಅವತ್ತೇ ನಾನು ಅವರ ಅಡಿಗೆಮನೆಯಲ್ಲಿ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿದು ಒಣಮೆಣಸಿನಕಾಯಿ ಹೊಗೆ ಎದ್ದದ್ದೇ ತಡ, ಸೂರಿನಿಂದ ಒಂದು ಯಂತ್ರ ಕಿವಿ ಹರಿಯುವಂತೆ ಕೂಗಲು ಶುರುವಾಯಿತು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರ ಯಂತ್ರ ಹೀಗೆ ಕೂಗಿದ್ದನ್ನು ಕೇಳಿದ್ದೆ. ನನ್ನ ಮನಸ್ಸಿಗೆ ಬಂದದ್ದು ಒಂದೇ. ಬಾಣಲೆ ಹಾಗೇ ಬಿಟ್ಟು ಮಹಡಿಗೆ ಓಡಿದೆ. ವಾಣಿ ತಲೆ ಬಾಚಿಕೊಳ್ಳುತ್ತಿದ್ದಳು. ನಾನು ಅವಳನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕೆಳಗೆ ರುತ್ ಟವಲು ಬೀಸುತ್ತಾ ಬಾಗಿಲು ಕಿಟಕಿ ತೆಗೆಯುತ್ತಿದ್ದರು, ನಾಯಿ ಬೊಗಳುತ್ತಿತ್ತು.

"ಹೊಗೆಗೆ ಕೂಗತ್ತೆ ಕಣಮ್ಮ. ಬೆಂಕಿ ಬಿದ್ರೆ ತಿಳೀಲಿ ಅಂತ."

"ನಂಗೇನ್ ಗೊತ್ತು."

ಅವಳು ನನ್ನ ಕೈ ಬಿಡಿಸಿಕೊಂಡಳು. "ನಿಂಗೆ ಎಲ್ಲಾದ್ರಾಗೂ ನಾನೇ ಸಾಯೋದ್ ಕಾಣ್ಸತ್ತೆ" ಅಂದಳು. ಅದು ನಿಜವಾಗಿತ್ತು. ಕೆಳಗೆ ಹೋಗಿ ಸೀದ ಒಗ್ಗರಣೆ ಚೆಲ್ಲಿ ಬೇರೆ ಹಾಕಿದೆ. ರುತ್ ಚಿತ್ರಾನ್ನ ತಿಂದು ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿದರೂ ಮತ್ತೆ ಹಾಕಿಸಿಕೊಂಡರು.

ಹಬ್ಬದ ಬೀದಿ

ನಮ್ಮ ಕಡೆ ಹಬ್ಬ ಅಂದರೆ ತೋರಣ, ಹೋಳಿಗೆ, ತಮಟೆ. ಇವರ ಈ ಹಬ್ಬಕ್ಕೂ ತಮಟೆಯಂಥದ್ದು ಇತ್ತು, ಊದುವ ವಾದ್ಯ ಇತ್ತು, ಸಿಹಿ ಇತ್ತು. ಇಲ್ಲದ್ದು ದೇವರು. ಬೀದಿಯಲ್ಲಿ ಮೆರವಣಿಗೆ ಹೊರಟಿದ್ದು ಜೀವಿಗಳು, ಅವು ಭೂಮಿಗೆ ಬಂದ ಕ್ರಮದಲ್ಲಿ. ಮುಂದೆ ಮೈಗೆಲ್ಲ ಹಸಿರು ಬಳಿದುಕೊಂಡ ನಾಲ್ಕು ಜನ ಪಾಚಿ. ಅವರ ಹಿಂದೆ ರಟ್ಟಿನ ಮೀನುಗಳು. ಅವುಗಳ ಹಿಂದೆ ಕಾಲು ಮೂಡಿದ ಮೀನುಗಳು, ಅಂದರೆ ಪ್ರೈಮರಿ ಶಾಲೆಯ ಮಕ್ಕಳು. ಹಲ್ಲಿ, ಹಕ್ಕಿ, ಆನೆ. ಕಟ್ಟಕಡೆಗೆ ತಳ್ಳುಗಾಡಿಗಳಲ್ಲಿ ಆ ಊರಿನ ಎಳೆಕೂಸುಗಳು, ಅವೇ ಮನುಷ್ಯರು. ನಮ್ಮಿಬ್ಬರನ್ನೂ ಆ ತಳ್ಳುಗಾಡಿಗಳ ಜೊತೆ ನಡೆಸಿದರು.

ರುತ್ ಅವರ ನಾಯಿ ನುಗ್ಗಿ ಒಂದು ಮಗುವಿನ ರಟ್ಟಿನ ಬಾಲ ಕಚ್ಚಿಕೊಂಡು ಓಡಿತು. ಮಗು ಅತ್ತಿತು. ಬಾಲ ಹೋಯಿತಲ್ಲ, ಇನ್ನು ನೀನು ಹಿಂದಿನ ಸಾಲಿಗೆ ಬಂದು ಮನುಷ್ಯನಾಗಬಹುದು ಎಂದು ಒಬ್ಬ ಮುದುಕ ಸಮಾಧಾನ ಹೇಳಿದನಂತೆ. ರಂಗಣ್ಣ ಇರಬೇಕಿತ್ತು ಅನ್ನಿಸಿತು.

ಭಾಷಣಗಳು ಚರ್ಚಿನ ಪಕ್ಕದ ಹಾಲಿನಲ್ಲಿ. ಪಾದ್ರಿಯವರೇ ಚಹಾ ಕೊಡುತ್ತಿದ್ದರು. ದೇವರ ಜಾಗದಲ್ಲಿ ಇದೆಲ್ಲ ಹೇಳಬಹುದೇ ಎಂದು ನಾನು ವಾಣಿಯ ಮೂಲಕ ಕೇಳಿದೆ. ಇಷ್ಟು ಜನಕ್ಕೆ ಸಾಲುವ ಚಹಾದ ಪಾತ್ರೆ ಊರಲ್ಲಿ ಬೇರೆ ಎಲ್ಲಿದೆ ಅಂದರಂತೆ ಪಾದ್ರಿ.

ಹಾಲಿನ ಕೊನೆಯಲ್ಲಿ ಒಂದು ದೊಡ್ಡ ಕಲ್ಲಿನ ಹಾಸು ಒರಗಿಸಿದ್ದರು. ಅದರಲ್ಲಿ ಉದ್ದ ಮೂತಿಯ ಒಂದು ಪ್ರಾಣಿಯ ಮೂಳೆಗಳು, ಮೀನಿನಂತೆ ಕಂಡರೂ ಮೀನಲ್ಲ, ಸಮುದ್ರಕ್ಕೆ ಇಳಿದ ಹಲ್ಲಿಯ ಜಾತಿಯಂತೆ. ರುತ್ ನನ್ನ ಕೈ ಹಿಡಿದು ಅದರ ಹೊಟ್ಟೆಯ ಭಾಗ ತೋರಿಸಿದರು. ಪಕ್ಕೆಲುಬುಗಳ ನಡುವೆ ಅಂಥದೇ ಸಣ್ಣ ಮೂಳೆಗಳ ಸಾಲು. ವಾಣಿ ಅನುವಾದ ಮಾಡುತ್ತಾ ಮಾಡುತ್ತಾ ನಿಧಾನವಾದಳು.

"ಅದು ಮರಿ ಕಣಮ್ಮ. ಹೊಟ್ಟೇಲಿರೋವಾಗ್ಲೇ ತಾಯಿ ಸತ್ತೈತೆ. ಎರಡೂ ಜೊತೇಗೆ ಕಲ್ಲಾಗವೆ."

ನಾನು ಬಹಳ ಹೊತ್ತು ನೋಡಿದೆ. ಎಲ್ಲರೂ ಅದನ್ನು ಅಪರೂಪದ್ದು, ಅದೃಷ್ಟದಿಂದ ಸಿಕ್ಕಿದ್ದು ಎನ್ನುತ್ತಿದ್ದರು. ನನಗೆ ಹೊರಗೆ ಗಾಳಿಗೆ ಹೋಗಬೇಕು ಅನ್ನಿಸಿತು. ರಕ್ತದಲ್ಲಿ ಅಡಗಿ ಬರುವುದು ಅಂತ ಡಾಕ್ಟರು ಹೇಳಿದ್ದರಲ್ಲ, ಅದು ಬಂದಿದ್ದರೆ ನನ್ನ ಕಡೆಯಿಂದಲೋ ಅವರಪ್ಪನ ಕಡೆಯಿಂದಲೋ ಬಂದಿರಬೇಕು. ಹಾಲಿನ ಗೋಡೆ ತುಂಬ ಅದೇ ಬರೆದಿದ್ದರು, ಬಣ್ಣಬಣ್ಣದ ಚಿತ್ರಗಳಲ್ಲಿ: ತಂದೆ ತಾಯಿಯಿಂದ ಮಕ್ಕಳಿಗೆ ಏನೇನು ಇಳಿದು ಬರುತ್ತದೆ ಅಂತ. ಮಕ್ಕಳು ತಮ್ಮ ಕಿವಿಯ ಹಾಲೆ, ನಾಲಿಗೆ, ಕಣ್ಣಿನ ಬಣ್ಣ ಹೋಲಿಸಿಕೊಂಡು ಕೇಕೆ ಹಾಕುತ್ತಿದ್ದವು. ವಾಣಿಯ ಮೂಗು ನನ್ನದು. ಮಂಜುವಿನದೂ ನನ್ನದೇ.

ಸಮುದ್ರದ ದಂಡೆ

ಹಗ್ಗ ಹಾಸುವುದು ಮಾರನೆಯ ದಿನ, ಇಳಿತದಲ್ಲಿ ಕಡಲ ನೀರು ಹಿಂದೆ ಸರಿದ ಹೊತ್ತಿಗೆ. ದಂಡೆಗೆ ಇಳಿಯುವಲ್ಲೇ ಒಂದು ಬೋರ್ಡು. ಅದರಲ್ಲಿ ಒಬ್ಬ ಮನುಷ್ಯ, ಅವನ ತಲೆಯ ಮೇಲೆ ಬೀಳುತ್ತಿರುವ ಕಲ್ಲುಗಳು. ಓದಲು ಬಾರದವರಿಗೂ ತಿಳಿಯುತ್ತದೆ. ದಂಡೆಯ ಉದ್ದಕ್ಕೂ ಗೋಡೆಯಂತೆ ಕರಿಮಣ್ಣಿನ ಎತ್ತರದ ಬಂಡೆ, ಆಗಾಗ ತಾನೇ ಕುಸಿಯುತ್ತದೆ. ಅದು ಕುಸಿದರೇ ಇವರಿಗೆ ಕಲ್ಲಾದ ಶಂಖಗಳು ಸಿಗುವುದು. ಬಂಡೆಯ ಬುಡಕ್ಕೆ ಹೋಗಬಾರದು, ನೀರು ಮತ್ತೆ ಏರಿ ಬರುವ ಮೊದಲು ಹೊರಟುಬಿಡಬೇಕು, ಎಂದು ಹಳದಿ ಅಂಗಿಯ ಸ್ವಯಂಸೇವಕರು ಮತ್ತೆ ಮತ್ತೆ ಹೇಳುತ್ತಿದ್ದರು. ಇಂಥ ಜಾಗದಲ್ಲಿ ಹಬ್ಬ ಮಾಡುವ ಜನರನ್ನು ನಾನು ನೋಡಿರಲಿಲ್ಲ.

ಜನ ಸೇರಿದ್ದರು. ಹಗ್ಗದ ಮೊದಲ ತುದಿಯನ್ನು ಒಬ್ಬ ಹುಡುಗಿ ಹಿಡಿದಳು. ವಾಣಿ ಸಿಂಬಿ ಬಿಚ್ಚುತ್ತಾ ಹಿಮ್ಮುಖವಾಗಿ ನಡೆದಳು, ನಾನು ಅವಳ ಹಿಂದೆ, ಎಡವಿದರೆ ಹಿಡಿಯಲು. ಹಗ್ಗದ ಬಹುಪಾಲಿನಲ್ಲಿ ಏನೂ ಇಲ್ಲ, ಕಣ್ಣಿಗೆ ಕಾಣದ ಜೀವಿಗಳ ಬಿಳಿ ಚೂರುಗಳು ಅಷ್ಟೇ. ಕಡೆಯ ಕೆಲವು ಮಾರುಗಳಲ್ಲಿ ಬಣ್ಣಗಳು ಒತ್ತೊತ್ತಾಗಿ ಬಂದವು. ಮೀನಿನ ನೀಲಿ. ಡೈನೋಸಾರಿನ ಹಸಿರು. ಕಡೆಯ ಮಾರಿನೊಳಗೆ ತೆಂಗಿನ ಕುಲದ ಮರಗಳ ಕಂದು. ಆಮೇಲೆ ಹಗ್ಗ ಮುಗಿಯಿತು. ತುದಿಯಲ್ಲಿ ಒಂದು ಗಟ್ಟಿ ಗಂಟು. ಕೆಂಪು ನೂಲು ಇರಲಿಲ್ಲ.

ವಾಣಿ ಗಂಟು ತಿರುಗಿಸಿ ನೋಡಿದಳು. ಮರಳಲ್ಲಿ ಹುಡುಕಿದಳು. ಗೋಣಿಚೀಲ ಕೊಡವಿದಳು. ಮೈಕು ಹಿಡಿದವರು ನಗುತ್ತಾ ನಾವೆಲ್ಲಿ, ಮನುಷ್ಯರು ಎಲ್ಲಿ ಎಂದು ಕೇಳಿದರು. ವಾಣಿಯ ಮುಖ ಬಿಳಿಚಿಕೊಂಡಿತು. ನನಗೆ ಹಗ್ಗ ಮರೆತುಹೋಯಿತು, ಆ ಮುಖದ ಬಣ್ಣ ಮಾತ್ರ ಕಂಡಿತು.

ಅವಳು ಅಲ್ಲೇ ನಿಂತು ಅವರಪ್ಪನಿಗೆ ಫೋನು ಹಚ್ಚಿ, ನನಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದಳು. ಊರಲ್ಲಿ ಮಧ್ಯಾಹ್ನ ಕಳೆದಿತ್ತು. ದನ ಹಿಡಿದುಕೊಂಡು ಬರುತ್ತಿದ್ದರೆಂದು ಕಾಣುತ್ತದೆ, ಗಂಟೆಯ ಸದ್ದು ಕೇಳುತ್ತಿತ್ತು.

"ಅಪ್ಪ, ಹಗ್ಗದ್ ತುದಿ ಏನಾತು?"

"ತುದಿಯಾ? ಬಿಚ್ಕಂಡಿತ್ತು ಕಣವ್ವ. ಹಂಗೇ ಬುಟ್ರೆ ಹಗ್ಗ ಪೂರಾ ಬಿಚ್ಕಂತಾ ಹೋಯ್ತದೆ. ನಾಕ್ ಬೆಳ್ಳು ಕುಯ್ದು ಗಂಟಾಕ್ದೆ."

"ಅಣ್ಣ ಕೆಂಪು ನೂಲು ಕಟ್ಟಿದ್ನಲ್ಲಪ್ಪ ಅದ್ಕೆ!"

ವಾಣಿ ಗಂಟನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದಳು.

"ಆ ಚೂರು ಎಲ್ಲೈತೆ?"

"ಹಂಡೆ ಒಲೆಗೆ ಹಾಕ್ದೆ ಕಣವ್ವ" ಅಂದರು. "ಕೆಂಪ್ ನೂಲು... ಬಿಗಿ ಇರ್ಲಿ ಅಂತ ಕಟ್ಟವ್ನೆ ಅಂದ್ಕಂಡೆ." ಎಮ್ಮೆಯನ್ನು ಹೊಯ್ ಹೊಯ್ ಎಂದು ಯಾರೋ ಬೇರೆಯವರು ಕೂಗಿದ್ದು ಕೇಳಿಸಿತು.

ನಮ್ಮ ಕಡೆ ಹಗ್ಗದ ತುದಿ ಬಿಚ್ಚಿಕೊಂಡಿದ್ದರೆ ಯಾರೂ ಹಾಗೇ ಬಿಡುವುದಿಲ್ಲ. ಬಿಂದಿಗೆ ಹಗ್ಗವಾಗಲಿ ದನದ ಹಗ್ಗವಾಗಲಿ, ಬಿಚ್ಚಿದ್ದನ್ನು ಕುಯ್ದು ಗಂಟು ಹಾಕಿಯೇ ಬೇರೆಯವರ ಮನೆಗೆ ಕೊಡುವುದು. ಕೆಲಸ ಅಚ್ಚುಕಟ್ಟಾಗಿರಲಿ ಎಂದು ಅವರು ಮಾಡಿದರು. ಮಗ ಕೈಯಾರೆ ಕಟ್ಟಿದ್ದ ಕಡೆಯ ಗಂಟು ಬಚ್ಚಲ ಒಲೆಯಲ್ಲಿ ಉರಿದು, ಆ ನೀರಿನಲ್ಲೇ ನಾವಿಬ್ಬರೂ ಮಿಂದು ಹೊರಟಿದ್ದೆವು.

ವಾಣಿ ಫೋನು ನನ್ನ ಕೈಗಿಟ್ಟು ನಡೆದಳು. ಮೊದಲು ನಡೆದಳು, ಆಮೇಲೆ ಓಡಿದಳು. ಬಂಡೆಯ ಕಡೆಗೆ.

"ವಾಣೀ! ಓಡ್ಬೇಡ ಕಣೇ! ವಾಣೀ!"

ನಾನೂ ಓಡಿದೆ. ಗುಂಡುಕಲ್ಲುಗಳ ಮೇಲೆ ಸೀರೆ ಎತ್ತಿ ಹಿಡಿದು ಓಡಿದೆ, ಎರಡು ಸಲ ಬಿದ್ದೆ, ಮಂಡಿ ತರಚಿತು. ಹಿಂದಿನಿಂದ ಸೀಟಿ ಊದುತ್ತಿದ್ದರು. ಅವಳು ಒಂದು ತಿರುವಿನಲ್ಲಿ ಮರೆಯಾದಳು. ಬಂಡೆಯ ಮೇಲಿನಿಂದ ಸಣ್ಣ ಕಲ್ಲುಗಳು ಒಂದು ಹಿಡಿಯಷ್ಟು ಸರಸರನೆ ಉದುರಿದವು, ನನ್ನ ಮುಂದೆಯೇ. ಆಮೇಲೆ ನಿಶ್ಶಬ್ದ. ಬರೀ ಅಲೆ. ಆ ತಿರುವಿನವರೆಗೆ ಹೋಗುವಾಗ ನಾನು ದೇವರನ್ನು ನೆನೆಯಲಿಲ್ಲ. ಹೋಗಿ ನೋಡಿದರೆ ಏನು ಕಾಣುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಶಾಲೆಯ ಬಯಲಿನಲ್ಲಿ ಅವನು ಹೇಗೆ ಕೂತಿದ್ದನೋ ನಾನು ನೋಡಿಲ್ಲ. ಆದರೆ ದಿನಾ ನೋಡುತ್ತೇನೆ.

ಅವಳು ಕೂತಿದ್ದಳು. ಒಂದು ದೊಡ್ಡ ಕಲ್ಲಿಗೆ ಒರಗಿ, ತಲೆ ತಗ್ಗಿಸಿ.

ಹತ್ತಿರ ಹೋಗಿ ಮುಟ್ಟಿದೆ. ಅವಳು ತಲೆ ಎತ್ತಿದಳು. ಅಳುತ್ತಿದ್ದಳು.

"ಏನಾಗಿಲ್ಲ ಕಣಮ್ಮ. ಉಸ್ರು ಕಟ್ಟೈತೆ ಅಷ್ಟೇ."

ನನ್ನ ಕೈ ತಾನಾಗಿ ಅವಳ ಎದೆಗೆ ಹೋಯಿತು. ಜೋರಾಗಿ ಹೊಡೆದುಕೊಳ್ಳುತ್ತಿತ್ತು. ತಪ್ಪಾಗಿ ಹೊಡೆದುಕೊಳ್ಳುತ್ತಿದೆಯೋ ಸರಿಯಾಗಿಯೋ ನನಗೆ ಹೇಗೆ ಗೊತ್ತಾಗಬೇಕು?

"ಅಣ್ಣ ಸತ್ತಾಗಿಂದ ನೀನು ನನ್ನ ಮುಖ ನೋಡೇ ಇಲ್ಲ" ಅಂದಳು. "ಎದೇನೇ ನೋಡ್ತೀಯ. ನಂಗೂ ಭಯ ಆಗತ್ತೆ ಕಣಮ್ಮ. ನಿಂಗೆ ಹೇಳಿದ್ರೆ ನೀನು ಸತ್ತೇ ಹೋಯ್ತೀಯ ಅಂತ ಹೇಳಲ್ಲ. ಮೆಟ್ಲು ಹತ್ತೋವಾಗೆಲ್ಲ ನಾನೂ ಲೆಕ್ಕ ಹಾಕ್ತೀನಿ."

ನನಗೆ ಇದು ತಿಳಿದಿರಲಿಲ್ಲ. ಭಯ ನನ್ನೊಬ್ಬಳದು ಅಂದುಕೊಂಡಿದ್ದೆ. ಅವಳ ಕೈ ಹಿಡಿದುಕೊಂಡು ಕೂತೆ. ಹಳದಿ ಅಂಗಿಯವನೊಬ್ಬ ಏದುಸಿರು ಬಿಡುತ್ತಾ ಬಂದು, ಬೈಯದೆ, ಕ್ಷಮಿಸಿ, ದಯವಿಟ್ಟು ಇಲ್ಲಿಂದ ಏಳಿ ಎಂದು ಕೇಳಿಕೊಂಡ. ಆ ಊರಿನ ಜನ ಎದುರಿನವರು ತಪ್ಪು ಮಾಡಿದರೂ ತಾವೇ ಕ್ಷಮೆ ಕೇಳುತ್ತಾರೆ. ನಮ್ಮಲ್ಲಾದರೆ ಕೆನ್ನೆಗೆ ಬಿಟ್ಟು ಕರೆದುಕೊಂಡು ಹೋಗುತ್ತಿದ್ದರು, ಅದೇ ಒಳ್ಳೆಯದು ಅನ್ನಿಸಿತು ನನಗೆ.

ವಾಪಸು ಬಂದಾಗಲೂ ಜನ ಹಾಗೇ ಇದ್ದರು. ಯಾರೂ ಹಗ್ಗ ಬಿಟ್ಟಿರಲಿಲ್ಲ. ವಾಣಿ ಮೈಕು ತೆಗೆದುಕೊಂಡು ನಡೆದದ್ದನ್ನು ನಡೆದ ಹಾಗೇ ಹೇಳಿದಳು: ನಮ್ಮಪ್ಪ ಮನುಷ್ಯಕುಲವನ್ನು ಕುಯ್ದು ನೀರು ಕಾಯಿಸಿದ್ದಾರೆ. ಜನ ನಕ್ಕರು, ಅವಳೂ ನಕ್ಕಳು. ಆಮೇಲೆ ಗಂಟಿನಿಂದ ಮುಂದೆ ನಾಲ್ಕು ಬೆರಳು ಇಟ್ಟು, ಇಷ್ಟು ಹೋಗಿದೆ, ಇದರ ಕಡೆಯಲ್ಲಿ ನಾವೆಲ್ಲ ಎಂದು ಕಿರುಬೆರಳಿನ ಉಗುರಿನ ತುದಿ ತೋರಿಸಿದಳು. ಇದನ್ನು ಮಾಡಿದವನು ನಮ್ಮಣ್ಣ ಎಂದಳು. ಮುಂದಕ್ಕೆ ಇಂಗ್ಲಿಷಿನಲ್ಲಿ ಏನು ಹೇಳಿದಳೋ ನನಗೆ ತಿಳಿಯಲಿಲ್ಲ, ಜನ ಟೋಪಿ ತೆಗೆದರು. ಒಬ್ಬೊಬ್ಬರಾಗಿ ಹಗ್ಗದ ಪಕ್ಕ ಮೊದಲಿಂದ ಕಡೆಯವರೆಗೆ ನಡೆದು, ಕೊನೆಗೆ ಬಗ್ಗಿ ಅವಳ ಉಗುರು ನೋಡಿಕೊಂಡು ಹೋದರು. ಅಲೆ ಹತ್ತಿರ ಬರುವವರೆಗೂ ಅವಳು ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ಆಯಾಸವಾದೀತು ಏಳು ಎನ್ನಲು ಎಷ್ಟೋ ಸಲ ಬಾಯಿ ತೆರೆದು ಮುಚ್ಚಿದೆ.

ಹೊರಡುವ ದಿನ

ಆಸ್ಪತ್ರೆಯಿಂದ ಫೋನು ಬಂದದ್ದು ನಾವು ಚೀಲ ಕಟ್ಟುತ್ತಿದ್ದಾಗ. ನಂಬರು ನೋಡಿ ವಾಣಿ ಮಂಚದ ಮೇಲೆ ಕೂತಳು. ನಾನು ಮಡಿಸುತ್ತಿದ್ದ ಸ್ವೆಟರು ಕೈಯಲ್ಲೇ ಉಳಿಯಿತು. ಅವಳು ಹೂಂ, ಹೂಂ ಅಂದಳು. ಒಂದೆರಡು ಸಲ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಫೋನು ಇಟ್ಟಳು.

"ಏನಂತೆ?"

"ನನ್ ರಕ್ತದಾಗೆ ಏನೂ ಕಾಣ್ಲಿಲ್ವಂತೆ."

ನಾನು ಸ್ವೆಟರು ಬಿಸಾಕಿ ಅವಳನ್ನು ತಬ್ಬಿಕೊಂಡೆ. ನಮ್ಮ ದೇವರು ಸಿದ್ಧರಾಮನಿಗೆ ಹರಕೆ ಹೇಳಿಕೊಳ್ಳಲು ಶುರುಮಾಡಿದ್ದೆ. ಅವಳು ನನ್ನ ಬೆನ್ನ ಮೇಲೆ ಕೈ ಇಟ್ಟು ತಡೆದಳು.

"ಪೂರಾ ಕೇಳಮ್ಮ. ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತ ಅಲ್ವಂತೆ. ಅಣ್ಣಂಗೆ ಇದ್ದಿದ್ದು ಏನು ಅಂತ ತಿಳಿದ್ರೆ, ಅದೇ ನಂಗೂ ಐತೋ ಇಲ್ವೋ ಅಂತ ಹೇಳ್ಬೌದಂತೆ. ಅವಂದು ಏನೈತೆ ಅಂತ್ಲೇ ಗೊತ್ತಿಲ್ವಲ್ಲ. ಏನು ಹುಡುಕ್ಬೇಕು ಅಂತ ಅವ್ರಿಗೂ ಗೊತ್ತಿಲ್ಲ."

"ಹಂಗಾರೆ?"

"ವರ್ಷವರ್ಷ ಎದೆ ಪರೀಕ್ಷೆ ಮಾಡಿಸ್ತಾ ಇರ್ಬೇಕಂತೆ. ಅವಂದು ಏನಾದ್ರೂ ಉಳಿದೈತಾ ಅಂತ ಕೇಳಿದ್ರು. ಯಾವತ್ತಾದ್ರೂ ಎಲ್ಲಾದ್ರೂ ರಕ್ತ ಕೊಟ್ಟಿದ್ನಾ, ಆಸ್ಪತ್ರೇಲಿ ತೆಗೆದಿಟ್ಟಿದ್ರಾ ಅಂತ."

ಅವನು ಬದುಕಿದ್ದಾಗ ಆಸ್ಪತ್ರೆಯ ಮುಖ ನೋಡಿದವನಲ್ಲ. ಶಾಲೆಯಿಂದ ಅವನನ್ನು ಹೊತ್ತೊಯ್ದ ದಿನ ಅಲ್ಲಿ ಯಾರೂ ಏನೂ ತೆಗೆದಿಡಲಿಲ್ಲ, ಕೇಳಬೇಕೆಂದು ನಮಗೂ ಹೊಳೆಯಲಿಲ್ಲ. ಹೊತ್ತು ಮುಳುಗುವುದರೊಳಗೆ ಆಗಲಿ ಎಂದು ಹಿರಿಯರು ಅವಸರ ಮಾಡಿದರು, ತೋಟದಲ್ಲಿ ಎಲ್ಲ ಮುಗಿಯಿತು. ಬೂದಿಯನ್ನು ಹೊಳೆಗೆ ಬಿಟ್ಟೆವು.

ಕೆಳಗಿನಿಂದ ರುತ್ ಕಾರು ಸಿದ್ಧವಾಗಿದೆ ಎಂದು ಕೂಗಿದರು. ವಾಣಿ ಚೀಲ ಎತ್ತಿಕೊಂಡಳು. ನಾನು ಕೊಡು ಎಂದು ಕೈ ಚಾಚಿದೆ, ಅವಳು ಕೊಡಲಿಲ್ಲ, ಮೆಟ್ಟಿಲಿಳಿದು ಹೋದಳು. ನಾನು ಹಿಂದೆ ಹೋದೆ.

ವಾಪಸು ಬಂದು ತಿಂಗಳುಗಳಾದವು. ವಾಣಿ ಕಾಲೇಜಿಗೆ ಹೋಗುತ್ತಿದ್ದಾಳೆ. ಅವಳ ಹೃದಯದಲ್ಲಿ ಏನಾದರೂ ಇದೆಯೋ ಇಲ್ಲವೋ ಯಾರೂ ಹೇಳಲಾರರು. ಹೇಳಲು ಅವರಿಗೆ ಮಂಜುವಿನ ರಕ್ತ ಬೇಕು. ಅದರ ಒಂದು ಹನಿಯೂ ಎಲ್ಲೂ ಇಲ್ಲ.